ಕೊಕ್ಕೆಯಲ್ಲೇ ಉಳಿದ ಬಿಲ್ಲೆ

ಮೇ ೧೧

ಹೆಗ್ಗಣ ಮಹಾಶಯರಿಗೆ,

'ಪ್ರೀತಿಯ ಮೈದುನನಿಗೆ' ಅಂತ ಶುರು ಮಾಡಿದ್ದೆ. ನನಗೇ ನಗು ಬಂತು, ಹರಿದು ಹಾಕಿದೆ. ಆರು ವರ್ಷ ಒಂದು ಅಕ್ಷರ ಬರೀದೇ ಇದ್ದು ಈಗೇನು ಪ್ರೀತಿ! ಹೆಗ್ಗಣ ಅಂತ ನಿನಗೆ ಹೆಸರಿಟ್ಟವಳು ನಾನೇ, ಹಾಗಾಗಿ ಹಾಗೇ ಕರೀತೀನಿ. ಫೋನ್ ಮಾಡಿದ್ರೆ ನನ್ನ ದನಿ ಕೇಳ್ತಿದ್ದ ಹಾಗೇ ಇಟ್ಟುಬಿಡ್ತೀಯ. ಕಾಗದ ಆದ್ರೆ ಮೇಜಿನ ಮೇಲೆ ಬಿದ್ದಿರುತ್ತೆ, ಬೇಜಾರಾದಾಗಲಾದ್ರೂ ಓದ್ತೀಯ. ವಿಳಾಸ ಕೊಟ್ಟಿದ್ದು ಗಣೀಲಿ ಲಿಫ್ಟು ನಡೆಸ್ತಿದ್ದ ಮಾವ. ಅವನನ್ನ ಬಯ್ಯಬೇಡ, ನಾನೇ ಪ್ರಾಣ ತಿಂದು ಈಸ್ಕೊಂಡೆ.

ನಾವು ಚೆನ್ನಾಗಿದ್ದೀವಿ. ನಿಮ್ಮಣ್ಣನಿಗೆ ಮಂಡಿ ನೋವು. ಮಾತು ಮೊದಲಿನ ಹಾಗೇ, ದಿನಕ್ಕೆ ಹತ್ತು, ಅದರಲ್ಲಿ ಎಂಟು 'ಹೂಂ'.

ಉಪ್ಪಿನ ಗಣಿ ನೋಡೋಕೆ ಜನ ಬರ್ತಾರೆ ಅಂತ ನಿನ್ನ ಕಿವಿಗೂ ಬಿದ್ದಿರುತ್ತೆ. ಹೇಗೆ ನಡೀತಿದೆ ಅಂತ ಮಾತ್ರ ಗೊತ್ತಿರಲ್ಲ. ಗಣಿ ಮುಚ್ಚಿ, ಇನ್ಮೇಲೆ ಜನಕ್ಕೆ ತೋರಿಸೋದು ಅಂತ ಹೇಳಿದ ದಿನ 'ಬದುಕಿರೋರನ್ನೆಲ್ಲ ಗಾಜಿನ ಪೆಟ್ಟಿಗೇಲಿ ಇಡ್ತಿದ್ದೀರಿ' ಅಂತ ಕೂಗಾಡಿ, ತಳ್ಳುಗಾಡಿ ಹೋಗೋ ಬಾಗಿಲಿಂದ ಎದ್ದು ಹೋದವನು ನೀನು. ಅದಕ್ಕೇ ಹೇಳ್ತೀನಿ, ಕೇಳು.

ಇಳಿಯೋರು ದೀಪ ತಗೊಳ್ಳೋ ದೀಪದ ಕೋಣೇಲಿ ಅದೇ ಹಳೇ ಹಲಗೆ. ಅವೇ ಅರವತ್ತು ಕೊಕ್ಕೆ, ಅವೇ ಹಿತ್ತಾಳೆ ಬಿಲ್ಲೆ. ಬೆಳಿಗ್ಗೆ ಬಂದವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಿಲ್ಲೆ ಕೊಡ್ತೀವಿ. ಇಳಿಯೋಕೆ ಮುಂಚೆ ಅವರೇ ಕೊಕ್ಕೆಗೆ ಹಾಕಬೇಕು, ಮೇಲೆ ಬಂದ ಮೇಲೆ ಅವರೇ ತೆಗೀಬೇಕು. ಬಿಲ್ಲೆ ಕೊಕ್ಕೇಲಿದ್ರೆ ಆಳು ಇನ್ನೂ ಕೆಳಗಿದ್ದಾನೆ ಅಂತ ಲೆಕ್ಕ, ನಮ್ಮ ಗಂಡಸರ ಕಾಲದ ಹಾಗೇ. ಆಮೇಲೆ ಆ ಬಿಲ್ಲೆ ಯಾರ ನಂಬರೋ ಅವರ ಮನೇಲಿ ಮಧ್ಯಾಹ್ನದ ಊಟ. ಏಳನೇ ನಂಬರು ಸಿಕ್ಕಿದೋರು ಬಡಗಿ ಮನೇಲಿ, ಇಪ್ಪತ್ತರೋರು ಲಿಫ್ಟಿನ ಮಾವನ ಮನೇಲಿ, ಹದಿನೆಂಟರೋರು ನಮ್ಮನೇಲಿ. ಗಂಡಸು ತೀರಿಕೊಂಡ ಮನೆಗೂ ನಂಬರಿದೆ. ಯಾರೂ ಯಾರ ಗಿರಾಕೀನೂ ಬಾಗಿಲಲ್ಲಿ ನಿಂತು ಕೈ ಹಿಡಿದು ಎಳೆಯೋ ಹಾಗಿಲ್ಲ. ಮಳೆಗಾಲಕ್ಕೆ ಗಣಿಗೂ ರಜೆ, ನಮಗೂ ರಜೆ. ಊರು ಬಿಟ್ಟು ಹೋಗಿದ್ದ ಮೂರು ಮನೆಯವರು ವಾಪಸ್ಸು ಬಂದಿದ್ದಾರೆ. ಮುಚ್ಚೋಕೆ ಹೊರಟಿದ್ದ ಸ್ಕೂಲು ನಡೀತಿದೆ.

ಈಗ ವಿಷಯಕ್ಕೆ ಬರ್ತೀನಿ. ಇಲ್ಲಿಗೆ ಒಬ್ಬ ಟೈಲರಮ್ಮ ಬಂದಿದ್ದಾಳೆ, ಪುಟ್ಟ ಮಗಳ ಜೊತೆ. ಬಂದು ನಾಲ್ಕು ವರ್ಷ ಆಯ್ತು, ಕ್ಷೌರದ ಅಂಗಡಿ ಹಿಂದಿನ ಕೋಣೇಲಿದ್ದಾಳೆ. ಕೆಳಗೆ ಇಳಿಯೋರು ಹಾಕ್ಕೊಳ್ಳೋ ನೀಲಿ ಅಂಗಿಗಳನ್ನೆಲ್ಲ ಹೊಲಿಯೋಳು, ಹರಿದದ್ದಕ್ಕೆ ತೇಪೆ ಹಾಕೋಳು ಅವಳೇ. ಅಡುಗೆ ಅಂತೂ, ನಾನು ಹೇಳಬಾರದು, ನನಗಿಂತ ಚೆನ್ನಾಗಿ ಮಾಡ್ತಾಳೆ. ಅವಳಿಗೆ ನಂಬರಿಲ್ಲ. ಅವಳ ಮನೇಲಿ ಯಾರೂ ಕೆಳಗೆ ಇಳಿದವರಲ್ಲ. ಊರೆಲ್ಲ ಊಟ ಹಾಕೋ ಹೊತ್ತಿಗೆ ಅವಳು ಒಬ್ಬಳೇ ಬಾಗಿಲು ಹಾಕ್ಕೊಂಡು ಕೂತಿರ್ತಾಳೆ.

ನಿನ್ನ ನಲವತ್ತೊಂದು ಖಾಲಿ ಇದೆ. ಖಾಲಿ ಅಂದ್ರೆ ತಪ್ಪಾಯ್ತು. ಅವತ್ತು ಸಿಟ್ಟಲ್ಲಿ ಹೋಗೋವಾಗ ಬಿಲ್ಲೆ ತೆಗೀದೇ ಹೋದೆ. ಅದು ಕೊಕ್ಕೇಲೇ ಇದೆ. ನೀನು ಒಂದ್ಸಲ ಬಂದು ಅದನ್ನ ತೆಗೆದು ಅವಳ ಕೈಗೆ ಕೊಟ್ಟು ಹೋಗು. ಇಷ್ಟೇ ಕೇಳ್ತಿರೋದು.

ನಿನ್ನ ಅತ್ತಿಗೆ


ಜೂನ್ ೨

ಅತ್ತಿಗೆ,

ಕಾಗದ ಸಿಕ್ತು. ಇದಕ್ಕೆಲ್ಲ ನಾನು ಬಸ್ಸು ಹತ್ತಬೇಕಾ? ಒಂದು ಹಿತ್ತಾಳೆ ತುಂಡು. ಕಿತ್ತು ಕೊಟ್ಟುಬಿಡಿ. ನನ್ನ ಒಪ್ಪಿಗೆ ಇದೆ, ಕೆಳಗೆ ಸಹಿ ಇದೆ, ಬೇಕಾದ್ರೆ ಹೆಬ್ಬೆಟ್ಟೂ ಒತ್ತಿ ಕಳಿಸ್ತೀನಿ.

ನಾನು ಇಲ್ಲಿ ಸುರಂಗ ತೋಡ್ತಿದ್ದೀನಿ, ಪಟ್ಟಣದ ಕೆಳಗೆ ರೈಲು ಓಡಿಸೋಕೆ. ನಾನು ಕೆಲಸ ಮಾಡೋದನ್ನ ನೋಡೋಕೆ ಯಾರೂ ಟಿಕೆಟ್ ತಗೊಳ್ಳಲ್ಲ. ಆ ಮಟ್ಟಿಗೆ ಮರ್ಯಾದೆ ಉಳಿದಿದೆ.

ಹೆಗ್ಗಣ


ಜೂನ್ ೨೦

ಮರ್ಯಾದಸ್ಥ ಹೆಗ್ಗಣಕ್ಕೆ,

ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಜಾತಿ ನಿನ್ನ ಮರ್ಯಾದೆ. ಮುಡ್ಕೊಂಡು ಓಡಾಡು. ನಾವು ಅನ್ನ ಬೇಯಿಸ್ತೀವಿ.

ನಿನ್ನ ಕಾಗದ ನಿಮ್ಮಣ್ಣನಿಗೆ ಓದಿ ಹೇಳಿದೆ. ದೀಪದ ಗಾಜು ಒರೆಸ್ತಾ ಕೂತಿದ್ರು. 'ಒಪ್ಪಿಗೆ ಕೊಟ್ಟಿದ್ದಾನಲ್ಲ, ತೆಗೆದುಬಿಡಿ' ಅಂದೆ. 'ಮುಟ್ಟಲ್ಲ' ಅಂದ್ರು. 'ಸಹಿ ಇದೆ' ಅಂದೆ. 'ಸಹಿ ಮೇಲಿಂದ ಬಂದಿದೆ. ಬಿಲ್ಲೆ, ಅವನು ಕೆಳಗಿದ್ದಾನೆ ಅಂತ ಹೇಳ್ತಿದೆ. ನಾನು ಬಿಲ್ಲೆ ನಂಬೋನು' ಅಂದ್ರು. ಅವತ್ತಿನ ಹತ್ತು ಮಾತು ಅಲ್ಲಿಗೆ ಮುಗೀತು. ಆಮೇಲೆ ರಾತ್ರಿ ಮಲಗೋವರೆಗೂ ಬರೀ ಹೂಂ.

ನಿನಗೆ ಗೊತ್ತಿಲ್ಲದ್ದೇನಲ್ಲ. ನಿಮ್ಮಪ್ಪನ ಜೊತೆಗಾರ ಒಬ್ಬ ಮೇಲೆ ಬಂದಾಗ, ಪಾಪ, ಸಹಾಯ ಮಾಡೋಣ ಅಂತ, ತನ್ನ ಬಿಲ್ಲೆ ಜೊತೆ ನಿಮ್ಮಪ್ಪಂದೂ ತೆಗೆದ. ಹಿಂದೇನೇ ಬರ್ತಿದ್ದಾನೆ ಅಂದ್ಕೊಂಡ. ಹಲಗೆ ಖಾಲಿ ಕಂಡಿತು, ಲಿಫ್ಟು ನಿಲ್ಲಿಸಿದ್ರು, ಎಲ್ಲರೂ ಮನೆಗೆ ಹೋದ್ರು. ಕೆಳಗೆ ಒಬ್ಬ ಇದ್ದಾನೆ ಅಂತ ಯಾರೂ ಹುಡುಕಲಿಲ್ಲ. ಮಾರನೇ ದಿನ ಹೆಣ ಸಿಕ್ತು. ನೀನಿನ್ನೂ ಎದೆಹಾಲು ಕುಡೀತಿದ್ದೆ. ನಿಮ್ಮಣ್ಣ ಆಗ ಹುಡುಗ, ಆ ಖಾಲಿ ಹಲಗೆ ಮುಂದೆ ನಿಂತಿದ್ದರಂತೆ. ಆಮೇಲೆ ದೊಡ್ಡವರಾಗಿ ಆ ಕೋಣೆ ಕೆಲಸಾನೇ ಕೇಳಿ ತಗೊಂಡ್ರು. ಇನ್ನೊಬ್ಬರ ಬಿಲ್ಲೆ ಮುಟ್ಟಬಾರದು ಅಂತ ಬೋರ್ಡು ಬರೆಸಿದ್ದೂ ಅವರೇ.

ಊರಲ್ಲಿ ಬೇರೆ ಯಾರಾದ್ರೂ ತೆಗೀಬಹುದಲ್ಲ ಅಂತೀಯ. ಒಬ್ಬರೂ ಕೈ ಹಾಕಲ್ಲ. ನಾನೇ ಒಂದು ದಿನ ಸ್ಟೂಲು ಹತ್ತಿ ಕೈ ಚಾಚಿದೆ. ಬೆರಳು ತಗಲೋ ಹೊತ್ತಿಗೆ ಇಳಿದುಬಿಟ್ಟೆ. ನಗಬೇಡ.

ಆರು ವರ್ಷದಿಂದ ಒಂದು ಸರದಿಗೆ ಐವತ್ತೊಂಬತ್ತೇ ಜನ ಇಳಿಯೋದು. ಅರವತ್ತನೆಯವರಿಗೆ 'ನಾಳೆ ಬನ್ನಿ' ಅಂತೀವಿ. 'ಅಲ್ಲಿ ಒಂದು ಬಿಲ್ಲೆ ಇದೆಯಲ್ಲ' ಅಂತ ಕೇಳಿದ್ರೆ ನಿಮ್ಮಣ್ಣ ಏನಂತಾರೆ ಗೊತ್ತಾ? 'ಅದು ಒಬ್ಬರದು. ಬರ್ತಾರೆ' ಅಂತಾರೆ. ಬಂದವರು ಶೌಚಕ್ಕೆ ಹೋಗಿದ್ದಾರೇನೋ ಅಂದ್ಕೊಂಡು ಸುಮ್ಮನಾಗ್ತಾರೆ.

ಬಾ ಮಾರಾಯ. ಬಂದು ತೆಗಿ.

ಅತ್ತಿಗೆ


ಆಗಸ್ಟ್ ೧೪

ಅತ್ತಿಗೆ,

ತಡವಾಯ್ತು. ಮಧ್ಯೆ ನೀರು ನುಗ್ಗಿ ಎರಡು ವಾರ ಪಂಪು ಹಾಕ್ಕೊಂಡು ಕೂತಿದ್ವಿ. ಯಾರಿಗೂ ಏನೂ ಆಗಲಿಲ್ಲ. ಇಲ್ಲಿ ಬಿಲ್ಲೆ ಇಲ್ಲ. ಬಾಗಿಲಲ್ಲಿ ಕಾರ್ಡು ಉಜ್ಜಿದ್ರೆ ಕೀಂ ಅನ್ನುತ್ತೆ. ಕೆಲವು ಸಲ ಅನ್ನೋದೂ ಇಲ್ಲ. ಅವಾಗ ನಾನೊಬ್ಬನೇ ಅದು ಕೀಂ ಅನ್ನೋವರೆಗೆ ಮತ್ತೆ ಮತ್ತೆ ಉಜ್ತೀನಿ, ಉಳಿದವರು ನಗ್ತಾರೆ.

ನಮ್ಮ ಆಫೀಸಿನ ಎಂಜಿನಿಯರಮ್ಮ ಹೋದ ವರ್ಷ ನಮ್ಮೂರಿಗೆ ಬಂದಿದ್ದಳಂತೆ. ನಾನು ಅಲ್ಲಿಯವನು ಅಂತ ಅವಳಿಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ. ಉಪ್ಪಿನ ಗೋಡೆ ಬಗ್ಗೆ ಎರಡು ಮಾತು ಹೇಳಿದಳು. ಊಟ ಹಾಕಿದ ಮನೆ ಬಗ್ಗೆ ಅರ್ಧ ಗಂಟೆ. ತಟ್ಟೇಲಿ ಎರಡು ತುತ್ತು ಬಿಟ್ಟಿದ್ದಕ್ಕೆ ಮನೆಯಾಕೆ ಸೊಂಟಕ್ಕೆ ಕೈ ಕೊಟ್ಟು ನಿಂತು 'ಯಾರಿಗೆ ಬಿಟ್ಟಿದ್ದೀಯ, ನಿಮ್ಮತ್ತೆಗಾ?' ಅಂತ ಕೇಳಿದಳಂತೆ. ಅದು ನೀವೇ ಅಂತ ಗೊತ್ತಾಯ್ತು. ಆ ಎಂಜಿನಿಯರಮ್ಮ ಅದನ್ನ ಹೇಳೋವಾಗ ಖುಷಿಯಾಗಿದ್ದಳು. ಗಾಜಿನ ಪೆಟ್ಟಿಗೆ ನೋಡಿ ಬಂದವರು ಹಾಗೆ ಮಾತಾಡಲ್ಲ. ಅಷ್ಟು ಒಪ್ಕೋತೀನಿ.

ಬರದೇ ಇರೋದಕ್ಕೆ ಕಾರಣ ರಜೆ ಅಲ್ಲ, ದುಡ್ಡೂ ಅಲ್ಲ. ಸುಮ್ಮನೆ ನೆಪ ಹೇಳಿದ್ರೆ ನೀವು ನಂಬಲ್ಲ, ಅದಕ್ಕೇ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಆ ಬಿಲ್ಲೆ ಅಲ್ಲಿ ನೇತಾಡ್ತಿದೆ ಅಂತ ನನಗೆ ಮೊದಲಿಂದಲೂ ಗೊತ್ತು. ಹೋದ ಮಾರನೇ ದಿನವೇ ಜ್ಞಾಪಕ ಬಂತು. ನಿಜವಾಗಿ ಮರೆತಿದ್ದು ಅತ್ತಿಗೆ, ಹಟಕ್ಕಲ್ಲ. ಆಮೇಲೆ ದಿನ ಕಳೀತಾ ಕಳೀತಾ ಅದು ಅಲ್ಲಿದೆ ಅನ್ನೋದು ಒಂಥರಾ ಸಮಾಧಾನ ಆಯ್ತು. ಅದಿರೋವರೆಗೆ ಆ ಊರಲ್ಲಿ ನನ್ನದು ಅಂತ ಒಂದು ಕೊಕ್ಕೆ ಇದೆ. ಮನೆ ಬಿಟ್ಟು ಬಂದೆ, ಅಣ್ಣನ ಜೊತೆ ಮಾತು ಬಿಟ್ಟೆ. ಇದನ್ನೂ ನನ್ನ ಕೈಯಾರೆ ತೆಗೆದು ಇನ್ನೊಬ್ಬರಿಗೆ ಕೊಟ್ಟರೆ ಆಮೇಲೆ ನಾನು ಅಲ್ಲಿಗೆ ಯಾರು? ಟಿಕೆಟ್ ತಗೊಂಡು ಬರೋ ಐವತ್ತೊಂಬತ್ತು ಜನರಲ್ಲಿ ಒಬ್ಬ.

ಕಿತ್ತು ಕೊಡಿ ಅಂತ ಬರೆಯೋದು ಸುಲಭವಾಗಿತ್ತು, ಯಾಕಂದ್ರೆ ನೀವು ಯಾರೂ ಕೀಳಲ್ಲ ಅಂತ ನನಗೆ ಗೊತ್ತಿತ್ತು.

ಟೈಲರಮ್ಮನಿಗೆ ಹೇಗಾದ್ರೂ ಬೇರೆ ದಾರಿ ಮಾಡಿ. ಒಂದು ಹೊಸ ಬಿಲ್ಲೆ ಮಾಡಿಸಿದ್ರೆ ಏನು ಗಂಟು ಹೋಗುತ್ತೆ?

ನಿಮ್ಮ ಮೈದುನ


ಸೆಪ್ಟೆಂಬರ್ ೨೫

ಮೈದುನನಿಗೆ,

ನಿನ್ನ ಕಾಗದ ಓದಿದೆ. ಈ ಸಲ ನಿಮ್ಮಣ್ಣನಿಗೆ ಓದಿ ಹೇಳಲಿಲ್ಲ, ಅವರ ಕನ್ನಡಕದ ಕೆಳಗೆ ಇಟ್ಟು ನೀರು ತರೋಕೆ ಹೋದೆ. ಬಂದಾಗ ಕಾಗದ ಮಡಿಸಿತ್ತು. ನಾನು ಹಾಗೆ ಮಡಿಸಲ್ಲ.

ಹೊಸ ಬಿಲ್ಲೆ ಅಂತ ಬರೆದಿದ್ದೀಯ. ಸ್ಕೂಲಿನಲ್ಲಿ ಸಭೆ ಸೇರಿತ್ತು, ಅದೇ ವಿಷಯ. ಬಸ್ಸಿನ ಸಾಹುಕಾರ ಬಂದಿದ್ದ. ಇನ್ನೂ ನಲವತ್ತು ಬಿಲ್ಲೆ ಮಾಡಿಸಿ, ದಿನಾ ನಾಲ್ಕು ಬಸ್ಸು ಕಳಿಸ್ತೀನಿ, ಗೇಟಿನ ಹತ್ರ ನಂದೇ ಕ್ಯಾಂಟೀನು ಹಾಕ್ತೀನಿ, ನೀವು ಯಾಕೆ ಒಲೆ ಮುಂದೆ ಬೇಯ್ತೀರಿ ಅಂದ. ಒಳ್ಳೇ ಮಾತುಗಾರ. ಅರ್ಧ ಜನ ಬಾಯಿ ಬಿಟ್ಕೊಂಡು ಕೇಳಿದ್ರು, ನಾನೂ ಕೇಳಿದೆ. ಆಮೇಲೆ ಬಡಗಿ ಎದ್ದು ಎರಡನೇ ವರ್ಷದ ಕತೆ ಜ್ಞಾಪಿಸಿದ. ಆ ವರ್ಷ ಆಸೆಗೆ ಬಿದ್ದು ಒಂದೇ ದಿನಕ್ಕೆ ಎರಡು ಸರದಿ ಇಳಿಸಿದ್ವಿ. ಜನರ ಉಸಿರಿಗೆ ಉಪ್ಪಿನ ಗೋಡೆ ಬೆವರೋಕೆ ಶುರುವಾಯ್ತು, ನಿಮ್ಮಜ್ಜನ ಕಾಲದವರು ಕೆತ್ತಿದ ಕುದುರೆಯ ಮೂಗು ಕರಗಿ ಹೋಯ್ತು. ಈಗ ಅದು ಕುದುರೆಯೋ ಕುರಿಯೋ ಅಂತ ಬಂದವರು ಕೇಳ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪ್ಪ, ಗೋಡೆ ಕರಗಿದ ಮೇಲೆ ಏನು ತೋರಿಸ್ತೀರಿ, ಸಾಹುಕಾರನ ಬಸ್ಸಾ ಅಂದ. ಎಲ್ಲರೂ ನಕ್ಕರು. ಅರವತ್ತೇ ಸಾಕು ಅಂತ ತೀರ್ಮಾನ ಆಯ್ತು. ಬುದ್ಧಿವಂತರ ಊರು ನೋಡು!

ಆಗ ಟೈಲರಮ್ಮ ಎದ್ದು ನಿಂತಳು. 'ನನ್ನ ಮಾತೇನಾಯ್ತು?' ಅಂತ ಕೇಳಿದಳು, ಇಷ್ಟೇ. ಯಾರೋ ಪಾಪ ಅನಿಸಿ, ಅವಳಿಗೊಬ್ಬಳಿಗೆ ಒಂದು ಮಾಡಿಸಿ ಅಂದ್ರು. ನಿಮ್ಮಣ್ಣ ಬಾಯಿ ಬಿಟ್ರು. 'ಒಂದು ಮಾಡಿಸಿದ್ರೆ ನಲವತ್ತಕ್ಕೂ ಕಾರಣ ಸಿಗುತ್ತೆ.' ಸಾಹುಕಾರ ತಲೆಯಾಡಿಸಿದ, ಅವನೂ ಅದೇ ಲೆಕ್ಕ ಹಾಕ್ತಿದ್ದ. ಅವಳು ನಿಮ್ಮಣ್ಣನ್ನ ನೋಡಿದಳು. ನಲವತ್ತೊಂದರ ವಿಷಯ ಅವಳಿಗೂ ಗೊತ್ತು. ಬಾಯಿ ಬಿಟ್ಟು ಕೇಳಲಿಲ್ಲ. ಅವಳು ಕೇಳಿ ಜಗಳ ಆಡಿದ್ರೆ ನನಗೆ ಎಷ್ಟೋ ಹಗುರವಾಗ್ತಿತ್ತು.

ಹೊರಗೆ ಬಂದ ಮೇಲೆ ಸಾಹುಕಾರ ಅವಳನ್ನ ಕರೆದು ಮಾತಾಡಿದ. ಅವನದೇ ಹೆದ್ದಾರಿ ಕ್ಯಾಂಟೀನಲ್ಲಿ ಅಡುಗೆ ಕೆಲಸ, ಇರೋಕೆ ಜಾಗ. ನವೆಂಬರ್ ಒಂದಕ್ಕೆ ಗಣಿ ತೆರೆಯುತ್ತಲ್ಲ, ಅಷ್ಟರಲ್ಲಿ ನಂಬರು ಸಿಕ್ಕದಿದ್ರೆ ಹೋಗ್ತೀನಿ ಅಂತ ನನಗೆ ಹೇಳಿದಳು. ಅವಳ ಮಗಳು ಈಗ ನಮ್ಮ ಸ್ಕೂಲಲ್ಲಿ ಓದ್ತಿದ್ದಾಳೆ, ನಮ್ಮ ಹಿತ್ತಲಲ್ಲಿ ಆಡ್ತಾಳೆ. ಆ ಮಗು ಹೋದ್ರೆ ನನಗೆ ಬೇಜಾರಾಗುತ್ತೆ. ನನಗೆ ಮಕ್ಕಳಿಲ್ಲ ಅಂತ ನಿನಗೆ ನಾನು ಬರೆದು ತಿಳಿಸಬೇಕಾ?

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ನಮ್ಮನೇಲಿ ಅಣ್ಣ ತಮ್ಮಂದಿರ ಜಗಳದಲ್ಲಿ ಟೈಲರಮ್ಮ ಬಡವಾದಳು. ಜಗಳ ಅಂತ ಯಾಕೆ ಅನ್ನಲಿ, ನೀವಿಬ್ಬರೂ ಒಂದೇ ಬಿಲ್ಲೆಗೆ ಆ ಕಡೆ ಈ ಕಡೆಯಿಂದ ಜೋತು ಬಿದ್ದಿದ್ದೀರಿ. ಅದು ಅಲ್ಲಿದ್ರೆ ನಿನಗೊಂದು ಊರಿದೆ ಅಂತ ನೀನು. ಅದು ಅಲ್ಲಿದ್ರೆ ನೀನು ಬರ್ತೀಯ ಅಂತ ಅವರು. ಥೂ! ಇಂಥ ಇಬ್ಬರನ್ನ ಹೆತ್ತ ಆ ತಾಯಿ ಪುಣ್ಯವಂತೆ, ಬೇಗ ಹೋದಳು.

ಇನ್ನು ಬಾ ಅಂತ ಬರೆಯಲ್ಲ.

ಅತ್ತಿಗೆ


ಅಕ್ಟೋಬರ್ ೧೭

ಬರೆಯಲ್ಲ ಅಂದಿದ್ದೆ. ಬರೀತಿದ್ದೀನಿ.

ನಿನ್ನೆ ಬೆಳಿಗ್ಗೆ ನಿಮ್ಮಣ್ಣ ಬಡಗಿ ಮನೆಯಿಂದ ಗರಗಸ ತಗೊಂಡು ದೀಪದ ಕೋಣೆಗೆ ಹೋದರಂತೆ. ಊಟಕ್ಕೆ ಬರಲಿಲ್ಲ. ಹೋಗಿ ನೋಡಿದ್ರೆ ಬಾಗಿಲಿಗೆ ಬೀಗ. ನನ್ನ ಹತ್ರ ಇರೋ ಕೀಲಿ ಹಾಕಿ ತೆಗೆದೆ. ಹಲಗೆ ಮಧ್ಯದಲ್ಲಿ ಚೌಕಾಕಾರಕ್ಕೆ ಒಂದು ತೂತು. ಹಲ್ಲು ಬಿದ್ದ ಬಾಯಿ ಹಾಗೆ ಕಾಣ್ತಿದೆ. ಜನ ಎಲ್ಲೆಲ್ಲಿಂದಲೋ ನೋಡೋಕೆ ಬರೋ ಹಲಗೆ ಕಣೋ ಅದು! ಬಡಗಿ ನೋಡಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ.

ನನ್ನ ಹೊಸ ಬೆಡ್‌ಶೀಟೂ ಇಲ್ಲ. ನಿನ್ನ ವಿಳಾಸ ಬರೆದಿದ್ದ ಲಕೋಟೆಯೂ ಇಲ್ಲ.

ಅವರ ಫೋನು ಗೂಡಿನಲ್ಲೇ ಇದೆ. ನಿನ್ನದು ಹೊಡ್ಕೋತಾನೇ ಇಲ್ಲ. ಅಲ್ಲಿಗೆ ಬಂದರೆ ತಕ್ಷಣ ತಿಳಿಸು. ಮಂಡಿಗೆ ಎಣ್ಣೆ ಹಚ್ಚೋದು ಮರೀಬೇಡ ಅಂತ ಹೇಳು. ಬೇರೇನೂ ಹೇಳಬೇಡ, ಬಂದ ಮೇಲೆ ನಾನೇ ವಿಚಾರಿಸ್ಕೋತೀನಿ.

ಅತ್ತಿಗೆ


ಅಕ್ಟೋಬರ್ ೨೦

ಅತ್ತಿಗೆ,

ನಿಮ್ಮ ಗಂಡ ಇಲ್ಲೇ ಇದ್ದಾರೆ, ಗಾಬರಿ ಬೇಡ. ಸೋಮವಾರವೇ ಕಾಂಟ್ರಾಕ್ಟರ್ ಆಫೀಸಿಂದ ಬಡಗಿ ಮನೆಗೆ ಫೋನ್ ಮಾಡಿಸಿದ್ದೀನಿ, ನಿಮಗೆ ಸುದ್ದಿ ಮುಟ್ಟಿರುತ್ತೆ. ಇವತ್ತು ರಜೆ ಸಿಕ್ತು, ನಾಳೆ ಬಸ್ಸಿಗೆ ಇಬ್ಬರೂ ಹೊರಡ್ತೀವಿ. ಈ ಕಾಗದ ಬರೋಕೆ ಮುಂಚೆ ನಾವೇ ಬಂದಿರ್ತೀವಿ. ಆದ್ರೂ ಬರೀತಿದ್ದೀನಿ, ಯಾಕಂದ್ರೆ ಇದನ್ನ ನಿಮ್ಮೆದುರಿಗೆ ಹೇಳೋಕೆ ನನ್ನ ಕೈಲಾಗಲ್ಲ.

ಭಾನುವಾರ ಮಧ್ಯಾಹ್ನ ಬಟ್ಟೆ ಒಗೀತಿದ್ದೆ. ಗೇಟಿನವನು ಬಂದು 'ನಿಮ್ಮ ಕಡೆಯವರು ಯಾರೋ ಬಂದಿದ್ದಾರೆ, ಕಿಟಕಿ ಬಾಗಿಲು ಎತ್ಕೊಂಡು ಬಂದಿದ್ದಾರೆ' ಅಂದ. ಹೋಗಿ ನೋಡಿದ್ರೆ ಅಣ್ಣ. ಎದೆಗೆ ಅವುಚಿಕೊಂಡು ನಿಂತಿದ್ದ, ಹೂವಿನ ಚಿತ್ರದ ಬೆಡ್‌ಶೀಟಲ್ಲಿ ಸುತ್ತಿದ ಗಂಟು. ರಾತ್ರಿ ಪೂರ್ತಿ ಬಸ್ಸಲ್ಲಿ ಅದನ್ನ ತೊಡೆ ಮೇಲೆ ಇಟ್ಕೊಂಡೇ ಬಂದನಂತೆ. ಕಂಡಕ್ಟರು ಮೇಲೆ ಹಾಕಿ ಅಂದ್ರೆ, ಅಲ್ಲಾಡಿ ಬಿಲ್ಲೆ ಬಿದ್ದುಹೋದ್ರೆ ಅಂತ ಕೊಡಲಿಲ್ಲವಂತೆ.

ಹೇಗಿದ್ದೀಯ ಅಂತ ಕೇಳಲಿಲ್ಲ. ನನ್ನ ಕೋಣೆಗೆ ಬಂದು, ಗಂಟು ಬಿಚ್ಚಿ, ಹಲಗೆ ತುಂಡನ್ನ ಗೋಡೆಗೆ ಒರಗಿಸಿದ. ಒಂದು ಕೊಕ್ಕೆ, ಅದರಲ್ಲಿ ನಲವತ್ತೊಂದು. 'ತೆಗಿ' ಅಂದ.

'ಅಣ್ಣ, ಮೊದಲು ಕೂತ್ಕೋ' ಅಂದೆ.

'ತೆಗಿ ಅಂದೆ. ಬಿಲ್ಲೆ ಮುಟ್ಟಬಾರದು ಅಂತ ಬರೆಸಿದ್ದು ನಾನು. ಹಲಗೆ ಊರು ಬಿಟ್ಟು ಹೋಗಬಾರದು ಅಂತ ಬರೆಸಿಲ್ಲ.'

ಜೊತೆಗೆ ಇರೋ ಹುಡುಗರು ಇಸ್ಪೀಟು ಬಿಟ್ಟು ನೋಡ್ತಿದ್ರು. ಹತ್ರ ಹೋಗಿ ತೆಗೆಯೋಕೆ ನೋಡಿದೆ, ಉಪ್ಪು ಹಿಡಿದು ಕೊಕ್ಕೆಗೆ ಅಂಟಿತ್ತು, ತಿರುಚಬೇಕಾಯ್ತು. ಕೈಗೆ ಬಂತು. ಅಣ್ಣ ಖಾಲಿ ಕೊಕ್ಕೆಯನ್ನೇ ನೋಡ್ತಾ ನಿಂತ. ಆಮೇಲೆ ನನ್ನ ಮಂಚದ ಮೇಲೆ ಕೂತ್ಕೊಂಡ. ಕೂತವನು ಎರಡೂ ಕೈಯಲ್ಲಿ ಮುಖ ಮುಚ್ಕೊಂಡು ಅತ್ತುಬಿಟ್ಟ. ಅಣ್ಣ ಅಳೋದನ್ನ ನಾನು ನೋಡಿದ್ದು ಇದೇ ಮೊದಲು. ನಮ್ಮ ಹುಡುಗರು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದ್ರು.

ಆಮೇಲೆ ಊಟ ಮಾಡಿದ್ವಿ. ನಾನು ಮಂಡಿಗೆ ಎಣ್ಣೆ ಹಚ್ಚಿದೆ. ಎಣ್ಣೆ ಹಚ್ಚೋವಾಗ ಮುಖ ನೋಡಬೇಕಾಗಿಲ್ಲವಲ್ಲ, ಆ ಧೈರ್ಯದ ಮೇಲೆ ಕೇಳಿದೆ. 'ಟೈಲರಮ್ಮನಿಗೆ ಕೊಟ್ಟುಬಿಡ್ತೀನಿ. ಕೊಡಲೇಬೇಕು. ಆದ್ರೆ ಇದೂ ಹೋದ ಮೇಲೆ ಅಲ್ಲಿ ನನ್ನದು ಅಂತ ಏನೂ ಉಳಿಯಲ್ಲ, ಅಲ್ವಾ ಅಣ್ಣ?'

ಅಣ್ಣ ನನ್ನನ್ನ ನೋಡಿದ. ನಾನು ಚಿಕ್ಕವನಿದ್ದಾಗ ನನಗೆ ಪಾಠ ಅರ್ಥ ಆಗದೇ ಇದ್ರೆ ನೋಡ್ತಿದ್ದನಲ್ಲ, ಹಾಗೆ.

'ಬಿಲ್ಲೆ ಕೆಲಸಕ್ಕೆ ಇಳಿಯೋನಿಗೆ ಕಣೋ' ಅಂದ. 'ಮನೆಗೆ ಬರೋನಿಗೆ ಯಾತಕ್ಕೆ?'

ನಿಮ್ಮ ಮೈದುನ